ಕೀ ತಿರುಗುತ್ತಿರುವಾಗಲೇ ಇಗ್ನಿಷನ್ ಲಾಕ್ ಬಿಚ್ಚಿಕೊಡಿ

ಮಾನ್ಯ ಸಂಪಾದಕರೇ,

ಕಾರಟಗಿಯ ರೈಸ್‌ಮಿಲ್‌ಗಳಿಂದ ಅಕ್ಕಿ, ತೌಡು ಸಾಗಿಸುವ ಪಿಕಪ್ ಗಾಡಿಗಳಲ್ಲಿ ನನ್ನದೂ ಒಂದು. ಕಳೆದ ಸುಗ್ಗಿಯಲ್ಲಿ ಅದರ ಇಗ್ನಿಷನ್ ಲಾಕ್ ಬಿಗಿಯಾಗತೊಡಗಿತು. ಸ್ಟೀರಿಂಗನ್ನು ಅತ್ತಿತ್ತ ಅಲುಗಿಸಿ, ಕೀಯನ್ನು ಕೂದಲೆಳೆಯಷ್ಟು ಹೊರಗೆಳೆದು ತಿರುಗಿಸಿದರೆ ಮಾತ್ರ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಗ್ಯಾರೇಜೊಂದಕ್ಕೆ ಒಯ್ದಾಗ ಕೀ ಹಾಕುವ ತೂತಿಗೆ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟು, ‘ಇನ್ನೂ ತಿರಗತದಲ್ರೀ, ಪೂರಾ ಜಾಮ್ ಆದ್ಮ್ಯಾಗ ತಗೊಂಡು ಬರ್ರಿ’ ಎಂದು ಕಳುಹಿಸಿದರು. ಹದಿನೈದು ದಿನಗಳಲ್ಲಿ ಕೀ ಪೂರ್ತಿ ನಿಂತಿತು. ಆಗ ಅವರೇ ಚಾಣ, ಸುತ್ತಿಗೆಯಿಂದ ಲಾಕ್ ಒಡೆದು, ಎರಡು ವೈರುಗಳಿಗೆ ಒಂದು ಬಟನ್ ಜೋಡಿಸಿ, ಸೀಳಿದ ಕವರಿಗೆ ಟೇಪು ಸುತ್ತಿ ಕೊಟ್ಟರು.

ಒಡೆದ ಸಿಲಿಂಡರನ್ನು, ಅಂದರೆ ಲಾಕಿನೊಳಗೆ ಕೀ ಜೊತೆ ತಿರುಗುವ ಭಾಗವನ್ನು, ಕೇಳಿ ಪಡೆದು ನೋಡಿದೆ. ಕೀಯ ಹಲ್ಲುಗಳಿಗೆ ತಕ್ಕಂತೆ ಏರಿಳಿಯಬೇಕಾದ ತೆಳು ಲೋಹದ ಪಟ್ಟಿಗಳು ತೌಡಿನ ದೂಳು ಮತ್ತು ಎಣ್ಣೆ ಕಲೆತ ಕಂದು ಜಿಗುಟಿನಲ್ಲಿ ಹೂತುಹೋಗಿದ್ದವು. ದೂಳಿನಲ್ಲೇ ದುಡಿಯುವ ಗಾಡಿಯ ಲಾಕಿಗೆ ಎಣ್ಣೆ ಸಲ್ಲದು, ಒಣ ಗ್ರಾಫೈಟ್ ಪುಡಿಯೇ ಸರಿ ಎಂಬುದು ನನಗೆ ಆಮೇಲೆ ತಿಳಿಯಿತು.

‘ಪೂರಾ ಜಾಮ್ ಆದಮೇಲೆ ತನ್ನಿ’ ಎಂಬ ಮಾತೇ ಈ ಕೆಲಸದಲ್ಲಿ ದೊಡ್ಡ ತಪ್ಪು. ಅನೇಕ ಮಾದರಿಗಳಲ್ಲಿ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಸ್ಟೀರಿಂಗ್ ಕಾಲಮ್ಮಿನ (ಸ್ಟೀರಿಂಗನ್ನು ಹೊತ್ತ ಕಂಬದ) ಕವರ್ ಬಿಚ್ಚಿ, ಕೀಯನ್ನು ಎಸಿಸಿ (ಎಂಜಿನ್ ಸ್ಟಾರ್ಟ್ ಆಗದೆ ರೇಡಿಯೊದಂಥವು ಮಾತ್ರ ನಡೆಯುವ) ಗುರುತಿಗೆ ತಿರುಗಿಸಿ, ಪಕ್ಕದ ಸಣ್ಣ ರಂಧ್ರದಲ್ಲಿ ಕಾಣುವ ಪಿನ್ನನ್ನು ತೆಳು ಕಡ್ಡಿಯಿಂದ ಒತ್ತಿದರೆ ಸಿಲಿಂಡರ್ ಕೀ ಸಮೇತ ಹೊರಬರುತ್ತದೆ. ಕೀ ತಿರುಗದಿದ್ದರೆ ಆ ಪಿನ್ ರಂಧ್ರದ ನೇರಕ್ಕೆ ಬರುವುದೇ ಇಲ್ಲ. ಡ್ರಿಲ್ ಮಾಡುವುದೋ ಒಡೆಯುವುದೋ ಅನಿವಾರ್ಯವಾಗುತ್ತದೆ. ಇಡೀ ಲಾಕನ್ನು, ಸುಲಭಕ್ಕೆ ಬಿಚ್ಚಬಾರದೆಂದು ಬಿಗಿಯುವಾಗಲೇ ತಲೆ ಮುರಿಯುವ ಬೋಲ್ಟುಗಳಿಂದ ಕಾಲಮ್ಮಿಗೆ ಬಿಗಿದಿರುವ ಗಾಡಿಗಳೂ ಇವೆ. ಏರ್‌ಬ್ಯಾಗ್ ಇದ್ದರೆ ಬ್ಯಾಟರಿ ಕಳಚಿದ ಮೇಲೆ ಕೆಲವು ನಿಮಿಷ ಕಾಯಬೇಕು. ಕೀಯಲ್ಲಿ ಚಿಪ್ ಇದ್ದರೆ ಸಿಲಿಂಡರಿನ ಸುತ್ತ ಇರುವ, ಆ ಚಿಪ್ ಓದುವ ಕಾಯಿಲನ್ನು ಜೋಪಾನ ಮಾಡಬೇಕು. ಆದ್ದರಿಂದ ಗಾಡಿ ಯಾವುದೆಂದು ನೋಡಿಯೇ ಕೈಹಾಕಬೇಕು.

ವೈರಿಗೆ ಬಟನ್ ಜೋಡಿಸಿ ಕಳುಹಿಸುವ ರೂಢಿಯಂತೂ ನಿಲ್ಲಲೇಬೇಕು. ಅಂಥ ಗಾಡಿಯನ್ನು ಯಾರು ಬೇಕಾದರೂ ಒತ್ತಿ ಓಡಿಸಿಕೊಂಡು ಹೋಗಬಹುದು. ಅದಕ್ಕಿಂತ ಭಯದ ಸಂಗತಿಯೆಂದರೆ, ಸ್ಟೀರಿಂಗನ್ನೂ ಬಂಧಿಸುವ ಈ ಲಾಕಿನ ಮುರಿದ ಭಾಗ ಒಳಗೇ ಉಳಿದರೆ ಓಡುತ್ತಿರುವಾಗಲೇ ಸ್ಟೀರಿಂಗ್ ಬಿಗಿದುಕೊಳ್ಳುವ ಸಂಭವವಿದೆ. ಗಂಗಾವತಿ ರಸ್ತೆಯಲ್ಲಿ ಭತ್ತದ ಲಾರಿಗಳ ನಡುವೆ ಮೂಟೆ ಹೇರಿಕೊಂಡು ಹೋಗುವಾಗ ಹಾಗಾದರೆ ಗತಿಯೇನು? ಹೊಸ ಲಾಕ್ ಬರುವವರೆಗೆ ನಾನು ಗಾಡಿಯನ್ನು ಆರು ದಿನ ನಿಲ್ಲಿಸಿದೆ. ಆ ಬಾಡಿಗೆ ಹೋದುದಕ್ಕೆ ನನಗೆ ಬೇಸರವಿಲ್ಲ.

ನಮ್ಮ ಭಾಗದ ಗ್ಯಾರೇಜಿನವರು ಕೀ ಬಿಗಿಯಾಗಿದೆ ಎಂದು ಹೇಳಿದ ದಿನವೇ ಸಿಲಿಂಡರ್ ಬಿಚ್ಚಿ ನೋಡಬೇಕು, ತೆಗೆದ ಹಳೆಯ ಭಾಗವನ್ನು ಮಾಲೀಕರ ಕೈಗೆ ಕೊಡಬೇಕು ಮತ್ತು ಬಿಡಿಭಾಗಕ್ಕೂ ಕೂಲಿಗೂ ಬೇರೆಬೇರೆಯಾಗಿ ಬಿಲ್ ಬರೆದುಕೊಡಬೇಕು. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಜಿಲ್ಲೆಯ ಐಟಿಐಗಳು ಮೆಕ್ಯಾನಿಕ್ ಹುಡುಗರಿಗೆ ಹಳೆಯ ಕಾಲಮ್ಮೊಂದನ್ನು ಮುಂದಿಟ್ಟು, ಒಡೆಯದೆ ಲಾಕ್ ತೆಗೆಯುವುದನ್ನು ಕೈಯಾರೆ ಮಾಡಿಸಲಿ ಎಂದು ಕೋರುತ್ತೇನೆ.

ಇಂತಿ,
ಒಬ್ಬ ಪಿಕಪ್ ಮಾಲೀಕ,
ಕಾರಟಗಿ, ಕೊಪ್ಪಳ ಜಿಲ್ಲೆ