ಭಾನುವಾರದ ಸಭೆ: ವಿಷಯ ಬದಲಾಗಿದೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಮಂಗಳೂರಿನಲ್ಲಿ, ಬಲ್ಮಠದ ನಮ್ಮ ಮಾಮೂಲಿ ಕೋಣೆಯಲ್ಲೇ ಸೇರುತ್ತೇವೆ. ವಿಷಯ ಮಾತ್ರ ಬೇರೆ: ಚಿತ್ರಹಿಂಸೆಯಲ್ಲಿ ಮನಶ್ಶಾಸ್ತ್ರಜ್ಞರ ಪಾಲು. ಕೌನ್ಸೆಲಿಂಗ್ ಮಾಡುವವರು, ಎಂಎಸ್ಸಿ ವಿದ್ಯಾರ್ಥಿಗಳು ದಯವಿಟ್ಟು ತಪ್ಪಿಸಬೇಡಿ.

ಜೇಮ್ಸ್ ಮಿಚೆಲ್, ಬ್ರೂಸ್ ಜೆಸ್ಸೆನ್ ಇಬ್ಬರೂ ನಮ್ಮ ಹಾಗೇ ಮನಶ್ಶಾಸ್ತ್ರ ಓದಿದವರು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗೆ ವಿಚಾರಣೆಯ ವಿಧಾನ ರೂಪಿಸಿಕೊಟ್ಟರು. ನೀರು ಸುರಿದು ಉಸಿರುಗಟ್ಟಿಸುವುದು, ದಿನಗಟ್ಟಲೆ ನಿದ್ದೆ ಕೊಡದಿರುವುದು ಎಲ್ಲ ಅದರಲ್ಲಿತ್ತು. ಅವರ ಕಂಪನಿಗೆ 8.1 ಕೋಟಿ ಡಾಲರ್ ಸಂದಿತು. ನನಗೆ ಇದಕ್ಕಿಂತ ಜಾಸ್ತಿ ನೋವಾಗುವುದು ಅಮೆರಿಕದ ಮನಶ್ಶಾಸ್ತ್ರ ಸಂಘದ ನಡೆ. ರಾಷ್ಟ್ರೀಯ ಭದ್ರತೆಯ ವಿಚಾರಣೆಗಳಲ್ಲಿ ಮನಶ್ಶಾಸ್ತ್ರಜ್ಞರು ಭಾಗವಹಿಸುವುದು ವೃತ್ತಿನೀತಿಗೆ ವಿರುದ್ಧವಲ್ಲ ಎಂದು ಅದು 2005ರಲ್ಲಿ ಹೇಳಿತು. ಸಂಘದ ಕೆಲವು ಅಧಿಕಾರಿಗಳು ರಕ್ಷಣಾ ಇಲಾಖೆಯ ಜತೆ ಕೈಜೋಡಿಸಿದ್ದರು ಎಂದು ಸಂಘವೇ ವಕೀಲ ಡೇವಿಡ್ ಹಾಫ್‌ಮನ್ ಅವರಿಂದ ಮಾಡಿಸಿದ ತನಿಖೆಯ ವರದಿ ಹೇಳಿದ್ದು 2015ರಲ್ಲಿ. ಮನಶ್ಶಾಸ್ತ್ರಜ್ಞರು ಇಂಥ ವಿಚಾರಣೆಗಳಲ್ಲಿ ಭಾಗವಹಿಸುವುದಕ್ಕೆ ಆ ವರ್ಷವೇ ಸಂಘ ನಿಷೇಧ ತಂದಿತು. ಹತ್ತು ವರ್ಷ ಬೇಕಾಯಿತು, ಅಲ್ವಾ?

ದೂರದ ಸುದ್ದಿ ಎಂದು ಸುಮ್ನೆ ಬಿಡಬೇಡಿ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಸೆಲ್ವಿ ಮತ್ತು ಕರ್ನಾಟಕ ಸರಕಾರದ ಪ್ರಕರಣದಲ್ಲಿ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದ್ದು ನಿಜ, ಆದರೆ ಅದನ್ನಿನ್ನೂ ಅನುಮೋದಿಸಿಲ್ಲ.

ಸೆಲ್ವಿ ತೀರ್ಪನ್ನು ಓದಿಕೊಂಡು ಬನ್ನಿ. ಪೊಲೀಸರೋ ಮೇಲಿನವರೋ ನಿಮ್ಮಿಂದ ತಪ್ಪು ಕೆಲಸ ಕೇಳಿದ ಅನುಭವ ಇದ್ದರೆ ಹೇಳಿ, ಆದರೆ ಯಾರ ಹೆಸರೂ ಬೇಡ. ಇಲ್ಲಿ ಗುಂಪಿನಲ್ಲಂತೂ ಹಾಕಲೇಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ‘ಬರ್ತೇನೆ’ ಎಂದು ಹಾಕಿ. ಉಡುಪಿಯಿಂದ ಬರುವವರು ಒಟ್ಟಿಗೆ ಬರುವುದಾದರೆ ಅದನ್ನೂ ತಿಳಿಸಿ.