ಈ ವಾರದ ವಿಷಯ: ತಮಿಳು ಸಾಧಕರು

ಗೆಳೆಯರೇ, ಈ ವಾರ ನಮ್ಮ ಗುಂಪಿನಲ್ಲಿ ತಮಿಳು ಸಾಧಕರ ಬಗ್ಗೆ ಬರೆಯೋಣ. ರಾಮಾನುಜನ್, ಎಂ.ಎಸ್. ಸುಬ್ಬುಲಕ್ಷ್ಮಿ, ವಿಶ್ವನಾಥನ್ ಆನಂದ್ ಎಲ್ಲರಿಗೂ ಗೊತ್ತು, ಅಲ್ವಾ? ನಾನು ಕಣ್ಣಿನ ಡಾಕ್ಟರ್ ಜಿ. ವೆಂಕಟಸ್ವಾಮಿ ಅವರಿಂದ ಶುರು ಮಾಡುತ್ತೇನೆ.

ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಲ್ಲೇ ಆಪರೇಷನ್ ಚಾಕು ಹಿಡಿಯಲು ಕಲಿತು, ಸಾವಿರಾರು ಜನರ ಕಣ್ಣಿನ ಪೊರೆ ತೆಗೆದರು. ರಿಟೈರ್ ಆದ ಮೇಲೆ, 1976ರಲ್ಲಿ, ಮದುರೈನಲ್ಲಿ 11 ಹಾಸಿಗೆಯ ಅರವಿಂದ್ ಕಣ್ಣಾಸ್ಪತ್ರೆ ತೆರೆದರು. ಉಳ್ಳವರು ಕೊಟ್ಟ ಫೀಸಿನಲ್ಲೇ ಬಡವರಿಗೂ ಚಿಕಿತ್ಸೆ. ಪೊರೆ ತೆಗೆದ ಮೇಲೆ ಕಣ್ಣೊಳಗೆ ಕೂರಿಸುವ ಹೊರದೇಶದ ಲೆನ್ಸ್ ತುಂಬಾ ದುಬಾರಿ ಇತ್ತು. ಅದಕ್ಕೇ 1992ರಲ್ಲಿ ಅಲ್ಲೇ ಲೆನ್ಸ್ ತಯಾರಿಕೆಯೂ ಶುರುವಾಯಿತು. ಎಂಥ ಛಲ!

ಸುಮ್ನೆ ಫಾರ್ವರ್ಡ್ ಹಾಕಬೇಡಿ. ಹೆಸರು, ಇಸವಿ ಸರಿಯಾಗಿ ನೋಡಿಕೊಂಡು ನಿಮ್ಮ ಮಾತಿನಲ್ಲೇ ಬರೆಯಿರಿ. ಭಾನುವಾರ ರಾತ್ರಿವರೆಗೆ ಸಮಯವಿದೆ.