ವಕೀಲರಿಲ್ಲದೆ ಕೋರ್ಟಿಗೆ ಬರುವವರ ಪಕ್ಕದಲ್ಲಿ ಕಾನೂನು ವಿದ್ಯಾರ್ಥಿಗಳು ಕೂರಲಿ

ಮಾನ್ಯ ಸಂಪಾದಕರೇ,

1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಗುವುದಕ್ಕೂ ಮೊದಲೇ ಕೆಲಸಕ್ಕೆ ಸೇರಿ, ಕರಾವಳಿಯ ಬೇರೆ ಬೇರೆ ಸಿವಿಲ್ ನ್ಯಾಯಾಲಯಗಳಲ್ಲಿ ಗುಮಾಸ್ತನಾಗಿಯೂ ಬೆಂಚ್ ಕ್ಲರ್ಕ್ ಆಗಿಯೂ ದುಡಿದು ನಿವೃತ್ತನಾದವನು ನಾನು. ನ್ಯಾಯಪೀಠದ ಕೆಳಗಿನ ಆ ಮೇಜಿನಲ್ಲಿ ಕೂತು ಇಷ್ಟು ವರ್ಷ ನಾನು ಕಂಡ ಮುಖಗಳಲ್ಲಿ ಇಂದಿಗೂ ಮರೆಯಲಾಗದವು, ವಕೀಲರಿಲ್ಲದೆ ಒಬ್ಬರೇ ಬಂದು, ಹೆಸರು ಕೂಗಿದಾಗ ಎಲ್ಲಿ ನಿಲ್ಲಬೇಕೆಂಬುದೂ ತಿಳಿಯದೆ ಬಾಗಿಲ ಬಳಿಯೇ ಕೈಮುಗಿದು ನಿಂತುಬಿಡುತ್ತಿದ್ದವರ ಮುಖಗಳು. ದಕ್ಷಿಣ ಕನ್ನಡ ಮತ್ತು ಉಡುಪಿ, ನಮ್ಮ ಈ ಎರಡೂ ಜಿಲ್ಲೆಗಳ ಕಾನೂನು ವಿದ್ಯಾರ್ಥಿಗಳು ಪದವಿಗಾಗಿ ಮಾಡಲೇಬೇಕಾದ ಇಂಟರ್ನ್‌ಶಿಪ್ಪಿನ ಒಂದು ಪಾಲನ್ನು ಇಂಥವರಿಗಾಗಿ ಮೀಸಲಿಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಬೀಡಿ ಕಟ್ಟಿ ಬದುಕುತ್ತಿದ್ದ ಒಬ್ಬ ಮಹಿಳೆಯ ಮೇಲೆ ಕೈಸಾಲದ ವಸೂಲಿಗೆ ದಾವೆ ಹೂಡಲಾಗಿತ್ತು. ಅಮೀನರು ಸಮನ್ಸ್ ತಂದಾಗ, ಸಹಿ ಹಾಕಿದರೆ ಸಾಲ ಒಪ್ಪಿಕೊಂಡ ಹಾಗಾಗುತ್ತದೆಂದು ನೆರೆಯವರು ಯಾರೋ ಹೇಳಿದ್ದನ್ನು ನಂಬಿ ಆಕೆ ಸಹಿ ಹಾಕಲಿಲ್ಲ. ಅಮೀನರು ನಿಯಮದಂತೆ ಅದನ್ನು ಬಾಗಿಲಿಗೆ ಅಂಟಿಸಿ ವರದಿ ಕೊಟ್ಟರು, ಸಮನ್ಸ್ ಜಾರಿಯಾಗಿದೆಯೆಂದು ಪರಿಗಣಿತವಾಯಿತು, ವಾಯಿದೆಯ ದಿನ ಯಾರೂ ಹಾಜರಾಗದ ಕಾರಣ ಮುಂದೆ ಆಕೆಯ ಮಾತು ಕೇಳದೆಯೇ ಏಕಪಕ್ಷೀಯ ಡಿಕ್ರಿಯೂ (ತೀರ್ಪಿನ ಆದೇಶ) ಆಯಿತು. ಅಂಥ ಡಿಕ್ರಿಯನ್ನು ರದ್ದುಪಡಿಸಬೇಕೆಂದು ಕೇಳಲು ಕಾನೂನು ಕೊಡುವ ಅವಧಿ 30 ದಿನ. ಆಕೆ ನಮ್ಮಲ್ಲಿಗೆ ಬಂದದ್ದು ತಿಂಗಳುಗಳು ಕಳೆದು, ಡಿಕ್ರಿಯನ್ನು ಜಾರಿಗೆ ತರುವ ಅಮಲ್ಜಾರಿ ನೋಟಿಸು ಕೈಗೆ ಸಿಕ್ಕಿದ ಮೇಲೆ. "ಯಾನ್ ಇತ್ತೆ ದಾದ ಮಲ್ಪೊಡು ಅಣ್ಣ?" (ನಾನೀಗ ಏನು ಮಾಡಬೇಕು ಅಣ್ಣ?) ಎಂದು ತುಳುವಿನಲ್ಲಿ ಕೇಳಿದರು. ಸಾಲದ ಅರ್ಧಕ್ಕಿಂತ ಹೆಚ್ಚನ್ನು ತೀರಿಸಿದ್ದೇನೆಂದು ಹೇಳಿ, ಬರೆದಿಟ್ಟ ಒಂದು ಚೀಟಿಯನ್ನೂ ತೋರಿಸಿದರು.

ನ್ಯಾಯಾಲಯದ ನೌಕರನಾದವನು ಯಾವ ಪಕ್ಷಕಾರರಿಗೂ ಸಲಹೆ ಕೊಡುವಂತಿಲ್ಲ, ಕೊಡಲೂ ಬಾರದು. ವಕೀಲರನ್ನು ಕಾಣಿ ಎಂದಷ್ಟೇ ಹೇಳಿ ಮುಂದಿನ ಕೇಸು ಕರೆಯಲು ಹೋದೆ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ, ಆದಾಯ ಎಷ್ಟೇ ಇರಲಿ, ಮಹಿಳೆ ಎಂಬ ಒಂದೇ ಕಾರಣಕ್ಕೆ ಆಕೆಗೆ ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕಿತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಕೂಡ ಇದೇ ಹಕ್ಕಿದೆ. ಆಕೆಯನ್ನು ಕಾನೂನು ಸೇವೆಗಳ ಕಚೇರಿಯ ಬಾಗಿಲವರೆಗೆ ಕರೆದೊಯ್ಯಲು ಬೇಕಿದ್ದುದು ಐದು ನಿಮಿಷ. ಆ ಐದು ನಿಮಿಷ ಬಿಡುವಿದ್ದ, ಕಾಗದ ಓದಿ ಅರ್ಥ ಹೇಳಬಲ್ಲ ಒಬ್ಬರೇ ಒಬ್ಬರು ಆ ದಿನ ಅಲ್ಲಿರಲಿಲ್ಲ ಎಂಬುದು ಈಗಲೂ ನನ್ನ ಮನಸ್ಸನ್ನು ಕೊರೆಯುತ್ತದೆ.

ಎಲ್ಲರೂ ಬಡತನದಿಂದಲೇ ಒಬ್ಬಂಟಿಯಾಗಿ ಬರುತ್ತಾರೆಂದಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರ ಮೂಲಕವೇ ವಾದಿಸುತ್ತೇನೆಂದು ಹಕ್ಕಾಗಿ ಕೇಳುವಂತಿಲ್ಲವೆಂದು 1984ರ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಗ್ರಾಹಕರ ಆಯೋಗದಲ್ಲಿ ಖುದ್ದಾಗಿ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಕೆಟ್ಟುಹೋದ ಫ್ರಿಜ್ಜಿಗಾಗಿ ವಕೀಲರನ್ನಿಟ್ಟರೆ ಫೀಸೇ ಫ್ರಿಜ್ಜಿನ ಬೆಲೆಯನ್ನು ಮೀರೀತೆಂದು ಹೆದರಿ ಎಷ್ಟೋ ಮಂದಿ ದೂರು ಕೊಡಲು ಇರುವ ಎರಡು ವರ್ಷದ ಗಡುವನ್ನು ಸುಮ್ಮನೆ ಕಳೆದುಬಿಡುತ್ತಾರೆ.

ಈಗ ವಿದ್ಯಾರ್ಥಿಗಳ ವಿಷಯಕ್ಕೆ ಬರುತ್ತೇನೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು ಮತ್ತು ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜು, ಇವೆರಡರ ವಿದ್ಯಾರ್ಥಿಗಳ ವಾರಗಳನ್ನು ಕೂಡಿಸಿ ನೋಡಿದರೇ ಎಷ್ಟು ದೊಡ್ಡ ಮಾನವಶಕ್ತಿ ನಮ್ಮ ಕಣ್ಣೆದುರಿಗಿದೆಯೆಂದು ತಿಳಿಯುತ್ತದೆ. ಹಿರಿಯ ವಕೀಲರ ಕಚೇರಿಯಲ್ಲಿ ಕಲಿಯುವುದು ಬಹಳವಿದೆ, ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಫೈಲು ಹಿಡಿದು ಹಿಂದೆ ನಿಂತು, ಡೈರಿ ಬರೆದು, ಕೊನೆಗೊಂದು ಪ್ರಮಾಣಪತ್ರ ಪಡೆಯುವಷ್ಟರಲ್ಲೇ ಮುಗಿದುಹೋಗುವ ವಾರಗಳನ್ನೂ ನಾನು ಸಾಕಷ್ಟು ಕಂಡಿದ್ದೇನೆ. ಕಾಲೇಜುಗಳ ಕಾನೂನು ನೆರವು ಘಟಕಗಳು ಹಳ್ಳಿಗಳಲ್ಲಿ, ಶಾಲೆಗಳಲ್ಲಿ ಅರಿವು ಶಿಬಿರ ನಡೆಸುವುದೂ ಒಳ್ಳೆಯದೇ. ಆದರೆ ಸಮನ್ಸ್ ಕೈಯಲ್ಲಿ ಹಿಡಿದವರು ಆ ಹೊತ್ತಿಗೆ ಶಿಬಿರದಲ್ಲಿರುವುದಿಲ್ಲ, ಕೋರ್ಟಿನ ಜಗಲಿಯಲ್ಲಿರುತ್ತಾರೆ.

ಆ ಜಗಲಿಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಪ್ರತಿ ಕೆಲಸದ ದಿನ ಬೆಳಿಗ್ಗೆ ಇಬ್ಬರು ವಿದ್ಯಾರ್ಥಿಗಳು ಇದ್ದರೆ ಸಾಕು. ಬಂದವರ ಕಾಗದ ಓದಿ ಅದು ಸಮನ್ಸೋ, ನೋಟಿಸೋ, ಡಿಕ್ರಿಯ ನಕಲೋ ಎಂದು ಹೇಳಲಿ. ಸಮನ್ಸಿಗೆ ಸಹಿ ಹಾಕುವುದೆಂದರೆ ಕಾಗದ ತಲುಪಿತೆಂದಷ್ಟೇ ಅರ್ಥ, ಸಾಲ ಒಪ್ಪಿದಂತಲ್ಲ ಎಂಬ ಒಂದು ಮಾತನ್ನು ಮೊದಲು ಹೇಳಲಿ. ಪ್ರತಿವಾದ ಪತ್ರ ಸಲ್ಲಿಸಲು ಸಾಮಾನ್ಯವಾಗಿ 30 ದಿನ, ನ್ಯಾಯಾಲಯ ಅನುಮತಿಸಿದರೆ 90 ದಿನದವರೆಗೆ ಅವಕಾಶ ಎಂಬುದನ್ನು ತಿಳಿಸಿ, ಆ ಕೊನೆಯ ದಿನಾಂಕವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡಲಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರಕರಣವನ್ನು ಗುರುತಿಸುವ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿ ಮುಂದಿನ ವಾಯಿದೆ ನೋಡುವುದನ್ನು ಮಗಳಿಗೋ ಮೊಮ್ಮಗನಿಗೋ ಕಲಿಸಿಕೊಡಲಿ. ಉಚಿತ ವಕೀಲರಿಗೆ ಅರ್ಹರಾದವರನ್ನು ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ತಾವೇ ಕರೆದುಕೊಂಡು ಹೋಗಲಿ. ಉಳಿದವರ ಜೊತೆ ಕೋರ್ಟ್ ಹಾಲಿನೊಳಗೆ ಕೂತು, ನಡೆದದ್ದನ್ನು ಬರೆದುಕೊಂಡು, ಹೊರಗೆ ಬಂದ ಮೇಲೆ ನಿಧಾನವಾಗಿ ವಿವರಿಸಲಿ. ಇದನ್ನೆಲ್ಲ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಹೇಳಬಲ್ಲ ಹುಡುಗ ಹುಡುಗಿಯರು ನಮ್ಮ ಕಾಲೇಜುಗಳಲ್ಲಿ ಇದ್ದಾರೆ. ಆದೇಶ ಇಂಗ್ಲಿಷಿನಲ್ಲಿದ್ದು ಕೇಳುವವರ ಮನೆಮಾತು ತುಳುವಾಗಿದ್ದಾಗ ಈ ಸಹಾಯದ ಬೆಲೆ ಏನೆಂದು ಬೆಂಚ್ ಕ್ಲರ್ಕ್ ಆಗಿದ್ದ ನನಗೆ ಚೆನ್ನಾಗಿ ಗೊತ್ತು.

ವಿದ್ಯಾರ್ಥಿಗಳು ವಾದ ಮಾಡಬೇಕೆಂದು ನಾನು ಕೇಳುತ್ತಿಲ್ಲ. 1961ರ ವಕೀಲರ ಕಾಯ್ದೆಯ 32ನೇ ಕಲಮು ವಕೀಲರಲ್ಲದವರಿಗೂ ನಿರ್ದಿಷ್ಟ ಪ್ರಕರಣದಲ್ಲಿ ಹಾಜರಾಗಲು ಅನುಮತಿ ಕೊಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆಯಾದರೂ ಈ ಕೆಲಸಕ್ಕೆ ಅದರ ಅಗತ್ಯವಿಲ್ಲ. ರಾಜಿ ಮಾಡಿಕೊಳ್ಳಬೇಕೇ, ಹೋರಾಡಬೇಕೇ ಎಂಬ ಸಲಹೆಯನ್ನಂತೂ ಅವರು ಕೊಡಲೇಬಾರದು. ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್‌ನಲ್ಲಿ 2001ರಲ್ಲಿ ಆರಂಭವಾದ, ಇದೇ ರೀತಿಯ ಸ್ವಯಂಸೇವಕ ವ್ಯವಸ್ಥೆಯೂ ಕಾನೂನು ಸಲಹೆ ಕೊಡುವುದಿಲ್ಲವೆಂಬ ಗೆರೆಯನ್ನು ಹಾಕಿಕೊಂಡಿದೆ. ವಿಚ್ಛೇದನದ ಪ್ರಕರಣವೊಂದರಲ್ಲಿ ವಕೀಲರಿಲ್ಲದ ಗಂಡನ ಪಕ್ಕದಲ್ಲಿ ನೆರವಿಗೆ ಕೂತಿದ್ದವರನ್ನು ಕೆಳ ನ್ಯಾಯಾಲಯ ಎಬ್ಬಿಸಿದ್ದು ತಪ್ಪೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 1970ರಲ್ಲಿ ಹೇಳಿ, ಮರುವಿಚಾರಣೆಗೆ ಆದೇಶಿಸಿತು. ಪಕ್ಕದಲ್ಲಿ ಕೂತು ಟಿಪ್ಪಣಿ ಬರೆದು ಮೆಲ್ಲನೆ ನೆನಪಿಸುವ ಅಂಥವರನ್ನು ಅಂದಿನಿಂದ ಅಲ್ಲಿ ಆ ಪಕ್ಷಕಾರನ ಹೆಸರಿನಲ್ಲಿ 'ಮೆಕೆಂಜಿ ಫ್ರೆಂಡ್' ಎಂದೇ ಕರೆಯುತ್ತಾರೆ.

ಎಚ್ಚರ ವಹಿಸಬೇಕಾದ ಎರಡು ಸಂಗತಿಗಳಿವೆ. ಪಕ್ಷಕಾರರು ವಕೀಲರಿಗೆ ಹೇಳಿದ ಮಾತಿನ ಗೋಪ್ಯತೆಯನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಕಾಪಾಡುತ್ತದೆ. ಆ ರಕ್ಷಣೆ ವಕೀಲರ ಗುಮಾಸ್ತರಿಗೂ ದುಭಾಷಿಗಳಿಗೂ ವಿಸ್ತರಿಸುತ್ತದೆ, ಆದರೆ ಯಾರ ಕೈಕೆಳಗೂ ಇಲ್ಲದ ವಿದ್ಯಾರ್ಥಿಗೆ ಅದು ಸಿಗುತ್ತದೆಂದು ಹೇಳಲಾಗದು. ಹಾಗಾಗಿ ಪ್ರಾಧಿಕಾರದ ಪಟ್ಟಿಯಲ್ಲಿರುವ ಒಬ್ಬ ವಕೀಲರ ಅಧೀನದಲ್ಲೇ ಈ ಮೇಜು ನಡೆಯಬೇಕು, ಅಲ್ಲಿಂದ ಹೊರಡುವ ಪ್ರತಿ ಬರಹವನ್ನು ಅವರು ಓದಿರಬೇಕು. ಇನ್ನೊಂದು, ನಿಯಮದ ಪ್ರಕಾರ ಇಂಟರ್ನ್‌ಶಿಪ್ ಒಂದು ವರ್ಷದಲ್ಲಿ ನಾಲ್ಕು ವಾರಕ್ಕಿಂತ ಹೆಚ್ಚು ಸತತವಾಗಿ ಇರುವಂತಿಲ್ಲ, ದಾವೆಯಾದರೋ ವರ್ಷಗಟ್ಟಲೆ ನಡೆಯುತ್ತದೆ. ಒಂದೇ ತಿಂಗಳು ಬಂದು ಮಾಯವಾಗುವವರಿಗಿಂತ ವಾರಕ್ಕೊಂದು ದಿನದಂತೆ ವರ್ಷವಿಡೀ ಬರುವವರು ಇಲ್ಲಿ ಉಪಯುಕ್ತ. ಆ ದಿನಗಳನ್ನು ಕೂಡಿಸಿ ವಾರಗಳೆಂದು ಲೆಕ್ಕ ಹಿಡಿಯಲು ಕಾಲೇಜುಗಳು ಒಪ್ಪಬೇಕು, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಲು ರಿಜಿಸ್ಟರೊಂದನ್ನು ಶಿಸ್ತಾಗಿ ಇಡಬೇಕು.

ತಮ್ಮ ಕಕ್ಷಿದಾರರು ಕಡಿಮೆಯಾದಾರೆಂಬ ಆತಂಕ ಕಿರಿಯ ವಕೀಲರಿಗೆ ಬೇಡ. ಈ ಮೇಜಿಗೆ ಬರುವವರು ಈಗಲೂ ಅವರ ಕಚೇರಿಯ ಮೆಟ್ಟಿಲು ಹತ್ತುತ್ತಿಲ್ಲ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಸಮಾನ ನ್ಯಾಯ ಮತ್ತು ಉಚಿತ ಕಾನೂನು ನೆರವನ್ನು ಹೇಳುವ 39ಎ ವಿಧಿ 1976ರ ತಿದ್ದುಪಡಿಯಿಂದಲೇ ಸಂವಿಧಾನ ಸೇರಿದೆ. ಕಾನೂನು ಕಾಲೇಜುಗಳಲ್ಲಿ ಸೇವಾ ಕ್ಲಿನಿಕ್‌ಗಳನ್ನು ಬೆಳೆಸುವುದು 1987ರ ಕಾಯ್ದೆಯಲ್ಲೇ ಇದೆ. ಜಿಲ್ಲಾ ನ್ಯಾಯಾಧೀಶರೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಅಧ್ಯಕ್ಷರೂ ಆಗಿರುವುದರಿಂದ ಮೇಜಿಗೆ ಜಾಗ ಕೊಡುವುದೂ, ಹಾಲಿನೊಳಗೆ ವಿದ್ಯಾರ್ಥಿ ಪಕ್ಕದಲ್ಲಿ ಕೂರುವ ವಿಷಯವನ್ನು ಉಳಿದ ನ್ಯಾಯಾಧೀಶರೊಂದಿಗೆ ಚರ್ಚಿಸುವುದೂ ಅವರಿಗೆ ಸಾಧ್ಯ. ಎರಡೂ ಜಿಲ್ಲೆಗಳ ಪ್ರಾಧಿಕಾರಗಳು, ಕಾಲೇಜುಗಳ ಪ್ರಾಂಶುಪಾಲರು ಮತ್ತು ವಕೀಲರ ಸಂಘಗಳು ಮುಂದಿನ ಸೆಮಿಸ್ಟರ್ ಆರಂಭವಾಗುವ ಮೊದಲು ಒಮ್ಮೆ ಒಟ್ಟಿಗೆ ಕೂರಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಆದೇಶದ ಪ್ರತಿ ಕೋರುವ ನಕಲು ಅರ್ಜಿ ಬರೆಯುವುದು, ಕಾಸ್ ಲಿಸ್ಟ್ (ಆ ದಿನದ ಪ್ರಕರಣಗಳ ಪಟ್ಟಿ) ಓದುವುದು, ಯಾವ ಕಾಗದ ಯಾವ ಶಾಖೆಗೆ ಹೋಗುತ್ತದೆಂಬುದು, ಇವನ್ನು ಮೊದಲ ತಂಡಕ್ಕೆ ಕಲಿಸಲು ಯಾರಾದರೂ ಬೇಕಾದರೆ ವಾರಕ್ಕೆರಡು ದಿನ ಬರಲು ನಾನು ಸಿದ್ಧನಿದ್ದೇನೆ.

ಇತಿ,
ನಿವೃತ್ತ ಬೆಂಚ್ ಕ್ಲರ್ಕ್, ಮಂಗಳೂರು